ಪಟ್ಟೆ ಬೆಕ್ಕಿನ ಮೈಮೇಲಿನ ಗುರುತುಗಳನ್ನು ಓದುವ ಬಗೆ

ಬೂದು ಅಥವಾ ಕಂದು ಮೈಯ ಮೇಲೆ ಕಪ್ಪು ಗೆರೆ, ಸುಳಿ, ಚುಕ್ಕೆಗಳಿರುವ ಬೆಕ್ಕುಗಳನ್ನು ಟ್ಯಾಬಿ ಎಂದು ಕರೆಯುವುದು ಈಗ ನಮ್ಮಲ್ಲೂ ರೂಢಿಯಾಗಿದೆ. ಅನೇಕರು ಇದನ್ನು ಒಂದು ತಳಿಯೆಂದು ತಿಳಿದಿದ್ದಾರೆ. ಟ್ಯಾಬಿ ಎಂಬುದು ತುಪ್ಪಳದ ವಿನ್ಯಾಸದ ಹೆಸರು ಮಾತ್ರ; ಹಿತ್ತಲಿಗೆ ಬಂದು ಹಾಲು ಕುಡಿದು ಹೋಗುವ ಬೆಕ್ಕಿನಲ್ಲಿಯೂ, ಮೇನ್ ಕೂನ್‌ನಂತಹ ದುಬಾರಿ ತಳಿಯಲ್ಲಿಯೂ ಅದೇ ವಿನ್ಯಾಸವಿರಬಹುದು. ಆದ್ದರಿಂದ ಹಣೆಯ ಮೇಲೆ ಇಂಗ್ಲಿಷಿನ ‘ಎಂ’ (M) ಅಕ್ಷರದಂತಹ ಗುರುತಿದೆ ಎಂಬ ಒಂದೇ ಕಾರಣಕ್ಕೆ ಮರಿಯನ್ನು ವಿದೇಶಿ ತಳಿಯದೆಂದು ಹೇಳಿ ಹೆಚ್ಚಿನ ಬೆಲೆ ಕೇಳುವವರ ಮಾತನ್ನು ನಂಬಬೇಕಾಗಿಲ್ಲ. ಮೈಮೇಲಿನ ಗುರುತುಗಳು ಬೆಕ್ಕಿನ ತಂದೆತಾಯಿಯರ ಬಗ್ಗೆ ಸಾಕಷ್ಟು ತಿಳಿಸುತ್ತವೆ. ಅದರ ಸ್ವಭಾವದ ಬಗ್ಗೆ ತಿಳಿಸುವುದು ತೀರ ಕಡಿಮೆ.

ಒಂದು ಕೂದಲಿನಿಂದ ಆರಂಭ

ಪಟ್ಟೆಗಳನ್ನು ನೋಡುವ ಮೊದಲು ಒಂದು ಕೂದಲನ್ನು ನೋಡುವುದು ಒಳ್ಳೆಯದು. ಹಗಲು ಬೆಳಕಿನಲ್ಲಿ ಬೆಕ್ಕಿನ ಮೈಯನ್ನು ಮೆಲ್ಲಗೆ ಬಾಚಿ, ಪಟ್ಟೆಗಳ ನಡುವಿನ ತಿಳಿಬಣ್ಣದ ಭಾಗದಿಂದ ಉದುರಿದ ಕೂದಲನ್ನು ಬಿಳಿಯ ಕಾಗದದ ಮೇಲಿಡಿ. ಟ್ಯಾಬಿ ಬೆಕ್ಕಿನ ಕೂದಲು ಬುಡದಿಂದ ತುದಿಯವರೆಗೆ ಒಂದೇ ಬಣ್ಣದ್ದಾಗಿರುವುದಿಲ್ಲ. ಕಪ್ಪು ಮತ್ತು ಹಳದಿ ಛಾಯೆಗಳು ಒಂದಾದ ಮೇಲೊಂದು ಬಂದು ತುದಿ ಕಪ್ಪಾಗಿರುತ್ತದೆ. ಕೂದಲು ಬೆಳೆಯುತ್ತಿರುವಾಗ ಅಗೂಟಿ ಎಂಬ ವಂಶವಾಹಿಯು ಕಪ್ಪು ವರ್ಣದ್ರವ್ಯದ ತಯಾರಿಕೆಯನ್ನು ನಡುನಡುವೆ ತಡೆದು ಹಳದಿಗೆ ಎಡೆಮಾಡಿಕೊಡುವುದರಿಂದ ಹೀಗಾಗುತ್ತದೆ. ಈ ವಂಶವಾಹಿಯ ಕೆಟ್ಟುಹೋದ ಪ್ರತಿಯು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಿದ್ದರೆ ಮರಿ ಇಡಿಯಾಗಿ ಕಪ್ಪಾಗುತ್ತದೆ. ಆಗಲೂ ಪಟ್ಟೆಯ ವಿನ್ಯಾಸ ಅಳಿದಿರುವುದಿಲ್ಲ: ಕರಿ ಬೆಕ್ಕಿನ ಮರಿಯನ್ನು ಓರೆ ಬಿಸಿಲಿನಲ್ಲಿ ನೋಡಿದರೆ ಮಸುಕಾದ ಗೆರೆಗಳು ಹಲವು ಬಾರಿ ಕಾಣಿಸುತ್ತವೆ.

ಅನಂತರ ಮುಖವನ್ನು ನೋಡಿ. ಹಣೆಯ ‘ಎಂ’ ಗುರುತು, ಕಣ್ಣಿನ ಹೊರತುದಿಯಿಂದ ಕೆನ್ನೆಯ ಕಡೆಗೆ ಹರಿಯುವ ಗೆರೆ, ಕಣ್ಣಿನ ಸುತ್ತ ತಿಳಿಬಣ್ಣದ ಅಂಚು, ಇಟ್ಟಿಗೆ ಬಣ್ಣದ ಮೂಗಿಗೆ ಕಪ್ಪು ಸುತ್ತು, ಕಿವಿಯ ಹಿಂಬದಿಯಲ್ಲಿ ಹೆಬ್ಬೆರಳು ಒತ್ತಿದಷ್ಟು ಜಾಗದಲ್ಲಿ ಮಸುಕಾದ ಬಣ್ಣ, ಇವೆಲ್ಲ ಟ್ಯಾಬಿಯ ಲಕ್ಷಣಗಳು. ಕಾಲುಗಳಲ್ಲಿ ಅಡ್ಡಪಟ್ಟೆ, ಬಾಲದಲ್ಲಿ ಉಂಗುರ ಮತ್ತು ಹೊಟ್ಟೆಯ ಮೇಲೆ ಚುಕ್ಕೆಗಳಿರುವುದೂ ಸಾಮಾನ್ಯ.

ಕಿತ್ತಳೆ ಬಣ್ಣದ ಬೆಕ್ಕಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಅಗೂಟಿ ಕೆಲಸ ಮಾಡದಿದ್ದರೂ ಕಿತ್ತಳೆ ವರ್ಣದ್ರವ್ಯದಲ್ಲಿ ಪಟ್ಟೆಗಳು ಕಾಣಿಸಿಕೊಳ್ಳುವುದರಿಂದ, ಕಿತ್ತಳೆ ಬೆಕ್ಕುಗಳೆಲ್ಲವೂ ನೋಟಕ್ಕೆ ಟ್ಯಾಬಿಗಳೇ ಆಗಿರುತ್ತವೆ. ಕಿತ್ತಳೆ ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ತಾಯಿಯಿಂದ ಬಂದ ಒಂದೇ ಪ್ರತಿ ಸಾಕು, ಹೆಣ್ಣಿಗಾದರೋ ಎರಡೂ ಬೇಕು. ಸುಮಾರು ಐದು ಕಿತ್ತಳೆ ಬೆಕ್ಕುಗಳಲ್ಲಿ ನಾಲ್ಕು ಗಂಡಾಗಿರಲು ಇದೇ ಕಾರಣ. ಒಂದೇ ಪ್ರತಿಯನ್ನು ಪಡೆದ ಹೆಣ್ಣಿನ ಮೈಯಲ್ಲಿ ಕಂದು ಪಟ್ಟೆಯ ಭಾಗಗಳೂ ಕಿತ್ತಳೆ ಪಟ್ಟೆಯ ಭಾಗಗಳೂ ಬೆರೆತಿರುತ್ತವೆ. ಅಂತಹ ಬೆಕ್ಕನ್ನು ಕಂಡರೆ ಬಾಲವೆತ್ತಿ ನೋಡದೆಯೇ ಹೆಣ್ಣೆಂದು ಹೇಳಬಹುದು. ತಪ್ಪಾಗುವುದು ಅತಿ ವಿರಳ.

ನಾಲ್ಕು ವಿನ್ಯಾಸಗಳು

ಬೆಕ್ಕು ನಿಂತಿರುವಾಗ ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಬೇಕು. ಮುದುರಿ ಮಲಗಿದ ಬೆಕ್ಕಿನಲ್ಲಿ ಗೆರೆಗಳು ಸೊಟ್ಟಗಾಗಿ ಗೊಂದಲವಾಗುತ್ತದೆ.

ಬೆನ್ನುಮೂಳೆಯ ಉದ್ದಕ್ಕೆ ಕಪ್ಪು ಗೆರೆಯಿದ್ದು, ಅದರಿಂದ ಎರಡೂ ಪಕ್ಕೆಗಳ ಕಡೆಗೆ ತೆಳುವಾದ ಗೆರೆಗಳು ಇಳಿದಿದ್ದರೆ ಅದು ಮ್ಯಾಕರೆಲ್ ಟ್ಯಾಬಿ. ಈ ಹೆಸರನ್ನು ಕೇಳಿ ಕರಾವಳಿಯವರು ನಮ್ಮ ಬಂಗುಡೆಯನ್ನು ನೆನೆದರೆ ದಾರಿ ತಪ್ಪುತ್ತದೆ, ಏಕೆಂದರೆ ಬಂಗುಡೆಯ ಮೈಮೇಲಿನ ಗೆರೆಗಳು ತಲೆಯಿಂದ ಬಾಲದತ್ತ ಉದ್ದಕ್ಕೆ ಸಾಗುತ್ತವೆ. ಹೆಸರಿಗೆ ಕಾರಣವಾದ ಅಟ್ಲಾಂಟಿಕ್ ಸಾಗರದ ಮೀನಿಗೆ ಬೆನ್ನಿನಿಂದ ಕೆಳಕ್ಕೆ ಇಳಿಯುವ ಅಡ್ಡಗೆರೆಗಳಿವೆ. ಈ ಗೆರೆಗಳು ತುಂಡುತುಂಡಾಗಿ ಚುಕ್ಕೆಗಳಾಗಿದ್ದರೆ ಅದನ್ನು ಚುಕ್ಕೆ ಟ್ಯಾಬಿ ಎನ್ನಬಹುದು. ಭುಜದ ಬಳಿ ಪಟ್ಟೆಯಾಗಿ, ಸೊಂಟದ ಬಳಿ ಚುಕ್ಕೆಯಾಗಿ ಕಾಣುವ ನಡುವಣ ರೂಪಗಳು ಬಹಳವಿರುವುದರಿಂದ ಇಲ್ಲಿ ಹಟಮಾಡಿ ಒಂದು ಹೆಸರಿಗೆ ಕಟ್ಟುಬೀಳುವ ಅಗತ್ಯವಿಲ್ಲ.

ಮೂರನೆಯದು ಕ್ಲಾಸಿಕ್ ಟ್ಯಾಬಿ. ಇದರಲ್ಲಿ ಗೆರೆಗಳು ತೆಳುವಾಗಿರದೆ ಅಗಲವಾದ ಕಪ್ಪು ಸುಳಿಗಳಾಗಿರುತ್ತವೆ; ಪಕ್ಕೆಯಲ್ಲಿ ಒಂದು ದೊಡ್ಡ ಸುತ್ತು, ಅದರೊಳಗೆ ಒಂದು ಮಚ್ಚೆ, ಭುಜಗಳ ಮೇಲೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತಹ ಆಕಾರ. ತೆಳು ಗೆರೆಯನ್ನು ಸುಳಿಯಾಗಿ ಬದಲಿಸುವ ವಂಶವಾಹಿ ಟಾಕ್‌ಪೆಪ್ ಎಂಬುದು 2012ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. ಆಫ್ರಿಕದಲ್ಲಿ ಅಪರೂಪಕ್ಕೆ ಕಾಣುವ, ಚುಕ್ಕೆಗಳು ಕೂಡಿಕೊಂಡು ದಪ್ಪ ಪಟ್ಟೆಗಳಾಗಿರುವ ‘ಕಿಂಗ್ ಚೀತಾ’ದಲ್ಲಿಯೂ ಇದೇ ವಂಶವಾಹಿಯ ಬದಲಾವಣೆಯಿದೆ ಎಂಬುದು ಆ ಸಂಶೋಧನೆಯ ಅತ್ಯಂತ ಸ್ವಾರಸ್ಯದ ಭಾಗ. ಸುಳಿಯ ಗುಣ ದುರ್ಬಲವಾದದ್ದು, ಎಂದರೆ ತಂದೆತಾಯಿ ಇಬ್ಬರೂ ಅದನ್ನು ಕೊಟ್ಟಾಗ ಮಾತ್ರ ತೋರುವಂಥದ್ದು. ತೆಳು ಗೆರೆಯ ತಾಯಿಗೆ ಸುಳಿಯ ಮರಿ ಹುಟ್ಟಿದರೆ ತಾಯಿಯೂ ಆ ಗುಣವನ್ನು ಒಳಗೊಂಡಿದ್ದಾಳೆ ಎಂದು ಖಚಿತವಾಗಿ ಹೇಳಬಹುದು. ಆದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಗಂಡುಬೆಕ್ಕುಗಳು ತಂದೆಯಾಗಿರುವುದು ಸಾಧ್ಯವಿರುವುದರಿಂದ, ಒಂದು ಮರಿಯನ್ನು ನೋಡಿ ಉಳಿದ ಮರಿಗಳ ತಂದೆಯನ್ನು ಊಹಿಸಬಾರದು.

ನಾಲ್ಕನೆಯದಾದ ಟಿಕ್ಡ್ ಟ್ಯಾಬಿಯನ್ನು ಗುರುತಿಸುವಾಗಲೇ ಜನ ಹೆಚ್ಚು ಎಡವುತ್ತಾರೆ. ಇದರ ಮೈಯಲ್ಲಿ ಪಟ್ಟೆಯೇ ಇರುವುದಿಲ್ಲ. ಮೊಲದ ಮೈಯಂತೆ ಒಂದೇ ಸಮನಾದ ಕಂದು ಬಣ್ಣ. ಹಣೆಯ ಗುರುತು ಮತ್ತು ಕಾಲು, ಬಾಲಗಳಲ್ಲಿ ಉಳಿದ ಮಸುಕು ಗೆರೆಗಳಿಂದ ಹಾಗೂ ಮೇಲೆ ಹೇಳಿದ ಕೂದಲಿನ ಪರೀಕ್ಷೆಯಿಂದ ಅದನ್ನು ಪತ್ತೆಹಚ್ಚಬೇಕು. ಅಬಿಸೀನಿಯನ್ ತಳಿಯ ಬೆಕ್ಕುಗಳೆಲ್ಲ ಈ ಬಗೆಯವು. ತಳಿಯ ಹೆಸರು ಇಥಿಯೋಪಿಯವನ್ನು ಸೂಚಿಸಿದರೂ, ನೆದರ್‌ಲೆಂಡ್ಸ್‌ನ ಲೈಡನ್ ವಸ್ತುಸಂಗ್ರಹಾಲಯದಲ್ಲಿ 1830ರ ದಶಕದಿಂದ ಉಳಿದುಬಂದಿರುವ, ತೊಗಲಿನೊಳಗೆ ತುಂಬಿ ಕಾಪಿಟ್ಟ ಇಂತಹ ಬೆಕ್ಕಿಗೆ ಭಾರತದ ಸಾಕುಬೆಕ್ಕು ಎಂಬ ಚೀಟಿಯಿದೆ. ನಮ್ಮ ಓಣಿಗಳಲ್ಲಿ ಇಂತಹ ಬೆಕ್ಕು ಕಂಡರೆ ಅದಕ್ಕೆ ಬೇರೆ ದೇಶದ ಮೂಲವನ್ನು ಹುಡುಕಬೇಕಿಲ್ಲ. 2021ರ ಇನ್ನೊಂದು ಸಂಶೋಧನೆಯು ಡಿಕೆಕೆ4 ಎಂಬ ವಂಶವಾಹಿಯನ್ನು ಈ ವಿನ್ಯಾಸದೊಡನೆ ಜೋಡಿಸಿತು. ಗೆರೆಗಳ ಸ್ಥಾನವು ಭ್ರೂಣದ ಚರ್ಮದಲ್ಲಿ ಕೂದಲಿನ ಬುಡಗಳು ರೂಪುಗೊಳ್ಳುವುದಕ್ಕೆ ಮೊದಲೇ ನಿರ್ಧಾರವಾಗುತ್ತದೆ ಎಂಬುದೂ ಅದರಿಂದ ಸ್ಪಷ್ಟವಾಯಿತು.

ಪಟ್ಟೆಗಳ ಹಿನ್ನೆಲೆ

ಸಾಕುಬೆಕ್ಕಿನ ಮೂಲಪುರುಷನಾದ ಆಫ್ರಿಕದ ಕಾಡುಬೆಕ್ಕಿಗೆ ಮರಳು ಬಣ್ಣದ ಮೈಯೂ ತೆಳುವಾದ ಗೆರೆಗಳೂ ಇವೆ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಸಮಾಧಿಯ ಪಕ್ಕದಲ್ಲಿ ಹೂಳಿದ್ದ ಬೆಕ್ಕಿನ ಅಸ್ಥಿಪಂಜರಕ್ಕೆ ಸುಮಾರು 9,500 ವರ್ಷ ವಯಸ್ಸಾಗಿದೆ. ಈಜಿಪ್ಟಿನ ನೆಬಮುನ್ ಎಂಬ ಅಧಿಕಾರಿಯ ಗೋರಿಯಿಂದ ತೆಗೆದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟ್ಟಿರುವ, ಕ್ರಿ.ಪೂ. 1350ರ ಸುಮಾರಿನ ಚಿತ್ರದಲ್ಲಿ ಹಕ್ಕಿಗಳನ್ನು ಹಿಡಿಯುತ್ತಿರುವ ಬೆಕ್ಕಿನ ಮೈಮೇಲೆಯೂ ಗೆರೆಗಳಿವೆ. ಸುಳಿಯ ವಿನ್ಯಾಸ ಬಹಳ ತಡವಾಗಿ ಬಂತು. 200ಕ್ಕೂ ಹೆಚ್ಚು ಪ್ರಾಚೀನ ಬೆಕ್ಕುಗಳ ಡಿಎನ್ಎ ಪರಿಶೀಲಿಸಿ 2017ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ ಅದರ ಮೊದಲ ಗುರುತು ಸಿಗುವುದು 14ನೆಯ ಶತಮಾನದ ಹೊತ್ತಿಗೆ, ಆಟೊಮನ್ನರ ಆಳ್ವಿಕೆಯ ಕಾಲದ ಪಶ್ಚಿಮ ಏಷ್ಯದಲ್ಲಿ. ಅದು ಸಾಮಾನ್ಯವಾದದ್ದು 18ನೆಯ ಶತಮಾನದಲ್ಲಿ. ಇಲಿ ಹಿಡಿಯಲೆಂದು ಸಾಕಿದ ಪ್ರಾಣಿಯನ್ನು ಅದರ ಚೆಲುವಿಗಾಗಿ ಆರಿಸಿ ಬೆಳೆಸುವ ಅಭ್ಯಾಸ ಎಷ್ಟು ಈಚಿನದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸ್ವಭಾವವನ್ನು ತಿಳಿಯಲು ಏನು ಮಾಡಬೇಕು

ಕಿತ್ತಳೆ ಬೆಕ್ಕು ಸಲಿಗೆಯದು, ಕಂದು ಪಟ್ಟೆಯದು ಚುರುಕು, ಬೆರಕೆ ಬಣ್ಣದ ಹೆಣ್ಣು ಸಿಡುಕಿನದು ಎಂಬ ಮಾತುಗಳನ್ನು ಎಲ್ಲರೂ ಕೇಳಿರುತ್ತಾರೆ. 2012ರ ಒಂದು ಸಮೀಕ್ಷೆಯಲ್ಲಿ ಜನರು ಕಿತ್ತಳೆ ಬೆಕ್ಕುಗಳನ್ನು ಸ್ನೇಹಶೀಲವೆಂದೂ ಬಿಳಿಯವನ್ನು ದೂರ ನಿಲ್ಲುವಂಥವೆಂದೂ ಹೇಳಿದ್ದು ನಿಜ. 2016ರ ಮತ್ತೊಂದರಲ್ಲಿ ಕಿತ್ತಳೆ-ಕಪ್ಪು ಬೆರೆತ ಹೆಣ್ಣುಗಳು ಸ್ವಲ್ಪ ಹೆಚ್ಚು ಪರಚುತ್ತವೆ ಎಂದು ಸಾಕಿದವರು ವರದಿ ಮಾಡಿದರು. ಆದರೆ ಎರಡೂ ಕಡೆ ಉತ್ತರಿಸಿದವರು ಮನುಷ್ಯರು, ಅವರ ಮನಸ್ಸಿನಲ್ಲಿ ಬಣ್ಣದ ಬಗೆಗಿನ ನಂಬಿಕೆ ಮೊದಲೇ ಇದ್ದಿತೆಂಬುದನ್ನು ಮರೆಯಬಾರದು. ಸಾಲದೆಂಬಂತೆ, ಕಿತ್ತಳೆ ಬೆಕ್ಕನ್ನು ಹೊಗಳುವವರು ಬಹುಪಾಲು ಗಂಡುಬೆಕ್ಕನ್ನೇ ಹೊಗಳುತ್ತಿರುತ್ತಾರೆ.

ಸ್ವಭಾವವನ್ನು ರೂಪಿಸುವ ಸಂಗತಿಗಳು ಬೇರೆಯೇ ಇವೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಮನುಷ್ಯರಿಗೆ ಅಂಜುವುದು ಕಡಿಮೆ. ತಂದೆಯ ಗುಣವೂ ಮುಖ್ಯ: ಧೈರ್ಯವಂತ ಗಂಡಿನ ಮರಿಗಳು, ತಂದೆಯ ಮುಖವನ್ನೇ ನೋಡದಿದ್ದರೂ, ಹೊಸ ವಸ್ತುಗಳ ಬಳಿಗೆ ಬೇಗ ಹೋಗುತ್ತವೆ ಎಂದು 1995ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಆದಕಾರಣ ಮರಿಯನ್ನು ಆರಿಸುವಾಗ ತಾಯಿ ಬೆಕ್ಕು ಮನೆಯವರೊಡನೆ ಹೇಗಿದೆ ಎಂದು ಗಮನಿಸಿ. ಮರಿಗಳ ಬಳಿ ನೆಲದ ಮೇಲೆ ಸುಮ್ಮನೆ ಕುಳಿತು ಬೆರಳನ್ನು ಮುಂದೆ ಚಾಚಿ. ಬಾಲವನ್ನು ನೆಟ್ಟಗೆ ಎತ್ತಿಕೊಂಡು ಬಂದು ಮೂಸುವ ಮರಿಗೂ, ಮೂಲೆಯಿಂದ ಹೊರಗೆ ಬರಲು ಬಹಳ ಹೊತ್ತು ತೆಗೆದುಕೊಳ್ಳುವ ಮರಿಗೂ ಇರುವ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಲೇಬಾರದು.

ಕಾಡಿನ ಮರಿಯಲ್ಲವೆಂದು ಖಚಿತಪಡಿಸಿಕೊಳ್ಳಿ

ಕಬ್ಬಿನ ಗದ್ದೆಯಲ್ಲಿಯೋ ತೋಟದ ಅಂಚಿನಲ್ಲಿಯೋ ಸಿಕ್ಕ ಪಟ್ಟೆ ಮರಿಯನ್ನು ಮನೆಗೆ ತರುವವರಿಗೆ ಇದು ಅತ್ಯಗತ್ಯ. ಕರ್ನಾಟಕದಲ್ಲಿ ಕಾಡುಬೆಕ್ಕು (ಮೇಲೆ ಹೇಳಿದ ಆಫ್ರಿಕದ ಕಾಡುಬೆಕ್ಕಲ್ಲ, ಜಂಗಲ್ ಕ್ಯಾಟ್ ಎಂಬ ಬೇರೆ ಜಾತಿ), ಚಿರತೆ ಬೆಕ್ಕು ಮತ್ತು ತುಕ್ಕಿನ ಬಣ್ಣದ ಚುಕ್ಕೆಗಳ ಪುಟ್ಟ ಬೆಕ್ಕು ಮೂರೂ ಇವೆ. ಅವುಗಳ ಮರಿಗಳನ್ನು ಟ್ಯಾಬಿಯೆಂದು ಭಾವಿಸುವುದು ಸುಲಭ. ಚಿರತೆ ಬೆಕ್ಕಿನ ಕಿವಿಯ ಹಿಂದೆ ಕಪ್ಪಿನ ನಡುವೆ ಎದ್ದುಕಾಣುವ ಬಿಳಿ ಮಚ್ಚೆಯಿರುತ್ತದೆ, ಸಾಕುಬೆಕ್ಕಿನ ಮಸುಕು ಗುರುತಿನಂತಲ್ಲ. ತುಕ್ಕುಚುಕ್ಕೆಯ ಬೆಕ್ಕಿಗೂ ಚಿರತೆ ಬೆಕ್ಕಿಗೂ ಕಣ್ಣುಗಳಿಂದ ನೆತ್ತಿಯತ್ತ ಬಿಳಿಯ ಗೆರೆಗಳು ಸ್ಪಷ್ಟವಾಗಿರುತ್ತವೆ. ಕಾಡುಬೆಕ್ಕಿಗೆ ಉದ್ದನೆಯ ಕಾಲು, ಗಿಡ್ಡ ಬಾಲ, ಕಿವಿಯ ತುದಿಯಲ್ಲಿ ಕಪ್ಪು ಕುಚ್ಚು. ಅದರ ಮೈಯ ಪಟ್ಟೆಗಳು ಮರಿಯಾಗಿದ್ದಾಗ ಗಾಢವಾಗಿದ್ದು ಬೆಳೆದಂತೆ ಮಾಸುತ್ತವೆ. ಇವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅನುಮಾನ ಬಂದರೆ ಮರಿಯನ್ನು ಮುಟ್ಟದೆ, ಮುಟ್ಟಿದ್ದರೆ ಸಿಕ್ಕಿದ ಜಾಗದಲ್ಲಿಯೇ ಬಿಟ್ಟು ದೂರ ಸರಿಯಿರಿ. ಕತ್ತಲಾದ ಮೇಲೆ ತಾಯಿ ಬಂದು ಒಯ್ಯುವ ಸಾಧ್ಯತೆ ಹೆಚ್ಚು. ಜೊತೆಗೆ ಸಮೀಪದ ಅರಣ್ಯ ಇಲಾಖೆಯ ಕಚೇರಿಗೂ ತಿಳಿಸಿ.

ಮನೆಯ ಬೆಕ್ಕೆಂದು ಖಚಿತವಾದ ಮೇಲೆ ಅದರ ಎಡಪಕ್ಕೆ, ಬಲಪಕ್ಕೆ, ಹಣೆ ಮತ್ತು ಬಾಲದ ಫೋಟೋಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಳ್ಳಿ. ಒಂದೇ ಬೆಕ್ಕಿನ ಎರಡು ಪಕ್ಕೆಗಳ ಗೆರೆಗಳೇ ಒಂದನ್ನೊಂದು ಹೋಲುವುದಿಲ್ಲವಾದ್ದರಿಂದ, ಬೆಕ್ಕು ಕಳೆದುಹೋದಾಗ ‘ಬೂದು ಬಣ್ಣದ ಪಟ್ಟೆ ಬೆಕ್ಕು’ ಎಂಬ ವಿವರಣೆಗಿಂತ ಈ ಫೋಟೋಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮರಿಯ ಗೆರೆಗಳು ಮಾಸಬಹುದಾದ್ದರಿಂದ, ಬೆಕ್ಕಿಗೆ ವರ್ಷ ತುಂಬಿದ ಮೇಲೆ ಮತ್ತೊಮ್ಮೆ ತೆಗೆಯಿರಿ.