ಮಾಗಿ ಚಳಿಯಲ್ಲಿ ನನ್ನ ತಾರಸಿ ತೋಟ

ಬೆಂಗಳೂರಿನಲ್ಲಿ ಗಿಡಕ್ಕೆ ಚಳಿ ಹೊಡೆಯುತ್ತದೆ ಅಂದರೆ ಊಟಿಯವರು ನಗಬಹುದು. ಅಲ್ಲಿ ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿರುತ್ತದೆ. ನಮ್ಮೂರಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೂ ಅವರೆಕಾಯಿ ಸೀಸನ್ ಶುರುವಾಗುವ ಹೊತ್ತಿಗೆ ನನ್ನ ತಾರಸಿಯಲ್ಲಿ ಆಂಥೂರಿಯಂ, ಅಗ್ಲೋನಿಮಾ, ವೀಳ್ಯದೆಲೆ ಬಳ್ಳಿ ಮೂರೂ ಸಪ್ಪಗಾಗುತ್ತವೆ. ಇವೆಲ್ಲ ಬೆಚ್ಚಗಿನ, ತೇವದ ಕಾಡಿನ ಗಿಡಗಳು. ಅಗ್ಲೋನಿಮಾದ ಕೆಲವು ತಳಿಗಳಿಗಂತೂ 10–13 ಡಿಗ್ರಿಯೇ ಜಾಸ್ತಿ ಚಳಿ. ಎಲೆಯ ಜೀವಕೋಶದ ಪೊರೆ ಹಾಳಾಗಿ ಒಳಗಿನ ನೀರು ಸೋರುತ್ತದೆ. ಎಲೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು ಕಲೆ ಕಾಣುವುದು ಅದಕ್ಕೇ.

ಪೇಪರಿನಲ್ಲಿ ಬರುವ ಕನಿಷ್ಠ ಉಷ್ಣಾಂಶ ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದು ಗಾಳಿಯ ಲೆಕ್ಕ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಗಿಡಕ್ಕೆ ಮೊದಲು ಬೇಕಾದ್ದು ತಲೆ ಮೇಲೊಂದು ಸೂರು. ನಾನು ಡಿಸೆಂಬರಿನಲ್ಲಿ ಈ ಕುಂಡಗಳನ್ನೆಲ್ಲ ಸಜ್ಜೆಯ ಕೆಳಗೆ, ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಒತ್ತಿ ಇಡುತ್ತೇನೆ. ಮಧ್ಯಾಹ್ನದ ಬಿಸಿಲು ಕುಡಿದ ಗೋಡೆ ರಾತ್ರಿ ಸುಮಾರು ಹೊತ್ತು ಬೆಚ್ಚಗಿರುತ್ತದೆ. ಸರಿಸಲಾಗದ ದೊಡ್ಡ ಕುಂಡಗಳಿಗೆ ಸಂಜೆ ಹಳೇ ಪಂಚೆ ಹೊದಿಸಿ, ಬಿಸಿಲು ಬಂದ ಮೇಲೆ ತೆಗೆಯುತ್ತೇನೆ. ಪ್ಲಾಸ್ಟಿಕ್ ಬೇಡ. ಎಲೆಗೆ ತಾಗಿದ ಕಡೆಯೆಲ್ಲ ನೀರು ನಿಂತು ಕೊಳೆಯುತ್ತದೆ.

ಇನ್ನೊಂದು, ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಪ್ಯಾರಾಪೆಟ್ ಪಕ್ಕದ ಕುಂಡಗಳು ಹೆಚ್ಚುಕಡಿಮೆ ಇಡೀ ದಿನ ನೆರಳಲ್ಲೇ ಕೂರುತ್ತವೆ. ಟೊಮೆಟೊ, ಮೆಣಸಿನಕಾಯಿ ಅಲ್ಲಿದ್ದರೆ ಆಚೆ ಎಳೆಯಿರಿ.

ಆದರೆ ನನ್ನ ಪ್ರಕಾರ ಇಲ್ಲಿ ಗಿಡ ಸಾಯುವುದು ಚಳಿಯಿಂದಲ್ಲ, ನೀರಿನಿಂದ. ಹೊರದೇಶದವರ ತೋಟಗಾರಿಕೆ ವಿಡಿಯೋಗಳಲ್ಲಿ ಹಿಮ ಬೀಳುವ ಮುಂಚೆ ಮಣ್ಣಿಗೆ ಚೆನ್ನಾಗಿ ನೀರು ಹಾಕಿ ಅನ್ನುತ್ತಾರೆ. ಅವರಿಗೆ ಅದು ಸರಿ. ಒದ್ದೆ ನೆಲ ಹಗಲಿನ ಬಿಸಿಯನ್ನು ಜಾಸ್ತಿ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ, ಗಿಡ ಹೆಪ್ಪುಗಟ್ಟುವುದು ತಪ್ಪುತ್ತದೆ. ಹೆಪ್ಪುಗಟ್ಟದ ನಮ್ಮೂರಲ್ಲಿ, ಅದೂ ಕುಂಡದಲ್ಲಿ, ಆ ಉಪಾಯ ಬೇರು ಕೊಳೆಸುತ್ತದೆ ಅಷ್ಟೇ. ತಣ್ಣಗಿನ ಮಣ್ಣಿನಲ್ಲಿ ಬೇರು ಅರೆನಿದ್ದೆಯಲ್ಲಿರುತ್ತದೆ, ನೀರು ಎಳೆಯುವುದಿಲ್ಲ. ಮೇಲೆ ಎಲೆ ಜೋತುಬಿದ್ದಿರುತ್ತದೆ. ಅಯ್ಯೋ ಬಾಯಾರಿದೆ ಅಂತ ನಾವು ಇನ್ನೊಂದು ಮಗ್ ಹಾಕುತ್ತೇವೆ, ಅಲ್ವಾ? ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣವಾದರೆ ಕಥೆ ಮುಗಿಯಿತು. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಿಂಡಿದರೆ ನೀರು.

ನಾನು ಬೆರಳನ್ನು ಎರಡು ಗೆಣ್ಣಿನ ತನಕ ಇಳಿಸಿ ನೋಡದೆ ನೀರು ಹಾಕುವುದಿಲ್ಲ. ಹಾಕಿದರೂ ಬಿಸಿಲೇರಿದ ಮೇಲೆ. ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು ಕೈ ಜುಮ್ಮೆನ್ನುವಷ್ಟು ಕೊರೆಯುತ್ತದೆ. ಸಂಪಿನ ನೀರು ನೆಲದೊಳಗಿರುವುದರಿಂದ ಅಷ್ಟು ತಣ್ಣಗಿರುವುದಿಲ್ಲ. ಅದನ್ನೇ ಬಕೆಟ್ಟಿನಲ್ಲಿ ತುಂಬಿ ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟು ಹಾಕುತ್ತೇನೆ. ಸಂಜೆ ಎಲೆ ಮೇಲೆ ನೀರು ಚಿಮುಕಿಸುವ ಚಾಳಿ ಇದ್ದರೆ ಮಾರ್ಚ್ ತನಕ ಬಿಟ್ಟುಬಿಡಿ.

ಎಲೆ ಉದುರಿದ್ದೆಲ್ಲ ಕಾಯಿಲೆಯಲ್ಲ. ಅಡೇನಿಯಂ, ದೇವಕಣಗಿಲೆ ಚಳಿಗಾಲದಲ್ಲಿ ಬೋಳಾಗುವುದು ಅವುಗಳ ಸ್ವಭಾವ. ಅಡೇನಿಯಂನ ಬುಡ ಒತ್ತಿ ನೋಡಿ. ಗಟ್ಟಿಯಿದ್ದರೆ ಸುಮ್ನೆ ಬಿಡಿ, ನೀರು ಬೇಡವೇ ಬೇಡ. ಮೆತ್ತಗಾಗಿದ್ದರೆ ಕಿತ್ತು, ಕೊಳೆತ ಭಾಗ ಪೂರ್ತಿ ಕೊಯ್ದು, ನೆರಳಲ್ಲಿ ಒಣಗಿಸಬೇಕು. ತುಳಸಿ ಹಬ್ಬ ಕಳೆದ ಮೇಲೆ ತುಳಸಿ ತೆನೆ ಬಿಟ್ಟು ಸೊರಗುವುದೂ ಹೀಗೇ. ತೆನೆ ಚಿವುಟುತ್ತಿದ್ದರೆ ಸ್ವಲ್ಪ ತಡೆದುಕೊಳ್ಳುತ್ತದೆ. ಒಂದೆರಡು ತೆನೆ ಬೀಜಕ್ಕೆ ಬಿಟ್ಟಿರುತ್ತೇನೆ, ಗಿಡ ಹೋದರೂ ಸಸಿ ಮಾಡಿಕೊಳ್ಳಬಹುದು.

ಜನವರಿಯಲ್ಲಿ ಕತ್ತರಿ ಮುಟ್ಟುವುದಿಲ್ಲ. ಕತ್ತರಿಸಿದರೆ ಎಳೇ ಚಿಗುರು ಬರುತ್ತದೆ, ಮತ್ತೆ ಒಂದು ವಾರ ಚಳಿ ಹಿಡಿದರೆ ಮೊದಲು ಕರಟುವುದು ಅದೇ. ಕಪ್ಪಾದ ಎಲೆ ನೋಡಲು ಚೆನ್ನಾಗಿಲ್ಲ, ನಿಜ. ಒಣಗಿದ್ದು ಇರಲಿ, ಕೊಳೆತು ಲೋಳೆಯಾದದ್ದನ್ನು ಮಾತ್ರ ತೆಗೆಯಿರಿ. ಗೊಬ್ಬರಕ್ಕೂ ರಜೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನನ್ನ ಕ್ಯಾಲೆಂಡರ್ ಅದೇ. ಆಮೇಲೆ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಒಳಗೆ ಹಸಿರಿದ್ದರೆ ಜೀವವಿದೆ. ಕಂದು ಬಣ್ಣವಿದ್ದರೆ ಹಸಿರು ಸಿಗುವ ತನಕ ಕೆಳಕ್ಕೆ ಕತ್ತರಿಸುತ್ತಾ ಬರುತ್ತೇನೆ. ಹೊಸ ಚಿಗುರು ಕಂಡ ಮೇಲೆಯೇ ಎರೆಗೊಬ್ಬರ, ಕುಂಡ ಬದಲಾವಣೆ ಎಲ್ಲ. ವೀಳ್ಯದೆಲೆ ಮಾತ್ರ ಸೋಮಾರಿ. ಯುಗಾದಿ ಬಂದರೂ ಒಮ್ಮೊಮ್ಮೆ ಚಿಗುರೊಡೆಯುವುದಿಲ್ಲ, ಬಳ್ಳಿ ಹಸಿರಿದ್ದರೆ ಕಿತ್ತು ಎಸೆಯಬೇಡಿ.