ಬಿ.ಎಸ್ಸಿ. ಓದುತ್ತ ಕ್ವಾಂಟಿಟೇಟಿವ್ ಫೈನಾನ್ಸ್ ಕಲಿತದ್ದು: ನನ್ನ ಅನುಭವ

ಕ್ವಾಂಟಿಟೇಟಿವ್ ಫೈನಾನ್ಸ್ ಎಂದರೆ ಹಣಕಾಸಿನ ಬೆಲೆ ಮತ್ತು ಅಪಾಯಗಳನ್ನು ಗಣಿತದಿಂದ ಲೆಕ್ಕ ಹಾಕುವ ವಿದ್ಯೆ. ಆ ಹೆಸರಿನ ಪದವಿಯನ್ನು ನಾನು ಓದಿಲ್ಲ. 2017ರಲ್ಲಿ ಪಿಯುಸಿ ಮುಗಿಸಿ, ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬಿ.ಮ್ಯಾಥ್ ಪ್ರವೇಶ ಪರೀಕ್ಷೆ ಬರೆದು, ಅಲ್ಲಿ ಆಯ್ಕೆಯಾಗದೆ, ಬೆಂಗಳೂರು ದಕ್ಷಿಣದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ, ಗಣಿತ ಮತ್ತು ಸಂಖ್ಯಾಶಾಸ್ತ್ರ ಮೂರೂ ಇರುವ, ಇಲ್ಲಿನ ವಿದ್ಯಾರ್ಥಿಗಳು ‘ಇಎಂಎಸ್’ ಎಂದು ಕರೆಯುವ ಕಾಂಬಿನೇಷನ್ನಿಗೆ ಸೇರಿದೆ. ಹಣಕಾಸಿನ ಕೆಲಸ ಬೇಕೆಂದರೆ ಬಿ.ಕಾಂ. ಮಾಡಿ ಸಿ.ಎ. ಕಟ್ಟಬೇಕು ಎಂಬುದು ಮನೆಯವರ ವಾದವಾಗಿತ್ತು. ಆದರೆ ಬಾಂಡ್ ಎಂದರೇನು, ಫ್ಯೂಚರ್ಸ್ ಎಂದರೇನು ಎಂಬುದನ್ನು ಒಂದು ರಜೆಯಲ್ಲಿ ಓದಿಕೊಳ್ಳಬಹುದು. ಸಂಭವನೀಯತೆಯನ್ನಾಗಲಿ ಲೀನಿಯರ್ ಆಲ್ಜೀಬ್ರಾವನ್ನಾಗಲಿ ಹಾಗೆ ಕಲಿಯಲಾಗದು. ಈ ಮಾತನ್ನು ಅಂದು ಅಪ್ಪನಿಗೆ ಇಷ್ಟು ಸ್ಪಷ್ಟವಾಗಿ ಹೇಳಲು ನನಗೆ ಬಂದಿರಲಿಲ್ಲ.

ಮೊದಲ ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಮಾನಕ ವಿಚಲನೆ, ಮಾತೃಕೆ ಎಂಬ ಪದಗಳನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುವುದರಲ್ಲಿ ಸ್ವಲ್ಪ ಕಾಲ ಹೋಯಿತು. ಡಿರೈವೇಟಿವ್ ಎಂಬ ಒಂದೇ ಪದಕ್ಕೆ ಗಣಿತದ ತರಗತಿಯಲ್ಲಿ ಬದಲಾವಣೆಯ ದರ ಎಂಬ ಅರ್ಥ, ಷೇರುಪೇಟೆಯಲ್ಲಿ ಷೇರಿನಂಥ ಇನ್ನೊಂದು ವಸ್ತುವಿನ ಬೆಲೆಯನ್ನು ಆಧರಿಸಿದ ಒಪ್ಪಂದ ಎಂಬ ಬೇರೆಯೇ ಅರ್ಥ ಇದೆ ಎಂದು ತಿಳಿಯುವವರೆಗೆ ನಾನು ಪತ್ರಿಕೆಯ ವಾಣಿಜ್ಯ ಪುಟವನ್ನು ತಪ್ಪಾಗಿಯೇ ಓದುತ್ತಿದ್ದೆ.

ಆಪ್ಷನ್ ಎಂದರೇನೆಂದು ನನಗೆ ಮೊದಲು ಅರ್ಥವಾದದ್ದು ಚಿಕ್ಕಪ್ಪನಿಂದ. ಅವರು ಕೆಂಗೇರಿಯ ಆಚೆ ಒಂದು ಸೈಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟು ಬಂದು, “ಮೂರು ತಿಂಗಳಲ್ಲಿ ರೇಟು ಏರಿದರೆ ಮಾತಾಡಿದ ಬೆಲೆಗೇ ಬರೆಸಿಕೊಳ್ಳುತ್ತೇನೆ, ಬಿದ್ದರೆ ಟೋಕನ್ ಹೋಯಿತು ಅಂದುಕೊಳ್ಳುತ್ತೇನೆ ಕಣಪ್ಪ” ಎಂದಿದ್ದರು. ನಿಗದಿತ ಬೆಲೆಗೆ ಕೊಳ್ಳುವ ಹಕ್ಕು ಇದೆ, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಕಾಲ್ ಆಪ್ಷನ್ ಎಂದರೆ ಇಷ್ಟೇ. ಆದರೆ ಆ ಟೋಕನ್ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೂರನೆಯ ಸೆಮಿಸ್ಟರಿನಲ್ಲಿ, ಕಾಕ್ಸ್, ರಾಸ್ ಮತ್ತು ರೂಬಿನ್‌ಸ್ಟೈನ್ 1979ರಲ್ಲಿ ಪ್ರಕಟಿಸಿದ ದ್ವಿಪದ ಮಾದರಿಯನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಿದಾಗ.

ಇಂದು 100 ರೂಪಾಯಿ ಇರುವ ಷೇರು ನಾಳೆ 120 ಆಗಬಹುದು ಅಥವಾ 90 ಆಗಬಹುದು, ಬಡ್ಡಿ ಇಲ್ಲ ಎಂದಿಟ್ಟುಕೊಳ್ಳೋಣ. 105 ರೂಪಾಯಿಗೆ ಕೊಳ್ಳುವ ಹಕ್ಕು ಬೆಲೆ ಏರಿದರೆ 15 ರೂಪಾಯಿ ತರುತ್ತದೆ, ಇಳಿದರೆ ಏನನ್ನೂ ತರುವುದಿಲ್ಲ. ಈಗ 45 ರೂಪಾಯಿ ಸಾಲ ಮಾಡಿ, ಕೈಯಿಂದ 5 ರೂಪಾಯಿ ಹಾಕಿ, ಅರ್ಧ ಷೇರು ಕೊಂಡರೆ, ಏರಿದಾಗ 60ರಲ್ಲಿ ಸಾಲ ಕಳೆದು 15 ಉಳಿಯುತ್ತದೆ, ಇಳಿದಾಗ 45ರಲ್ಲಿ ಸಾಲ ತೀರಿ ಸೊನ್ನೆ ಉಳಿಯುತ್ತದೆ. ಹಕ್ಕು ಕೊಡುವುದೂ ಇದನ್ನೇ. ಆದ್ದರಿಂದ ಅದರ ಬೆಲೆ 5 ರೂಪಾಯಿ. ಷೇರು ಏರುವ ಸಂಭವ ಎಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಸಂಖ್ಯಾಶಾಸ್ತ್ರದ ಮೇಡಂ ಹತ್ತಿರ ಕೇಳಿದಾಗ ಅವರು, ಆ ಸಂಭವವನ್ನು ಪೇಟೆಯವರು 100 ಎಂಬ ಇಂದಿನ ಬೆಲೆಯೊಳಗೆ ಆಗಲೇ ಸೇರಿಸಿದ್ದಾರೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಸೂತ್ರಗಳ ಪಟ್ಟಿಯನ್ನು ಉರುಹೊಡೆಯುವವರು ಈ ಎರಡು ದಿನಗಳನ್ನು ಉಳಿಸುತ್ತಾರೆ, ಆದರೆ ಮುಂದೆ ಎಲ್ಲವನ್ನೂ ಕುರುಡಾಗಿ ನಂಬಬೇಕಾಗುತ್ತದೆ.

ಆಪ್ಷನ್ನಿನ ಬೆಲೆಗೆ ಬ್ಲ್ಯಾಕ್ ಮತ್ತು ಶೋಲ್ಸ್ 1973ರಲ್ಲಿ ಕೊಟ್ಟ ಸೂತ್ರವನ್ನು ತಲುಪಲು ಇನ್ನೊಂದು ಅಡ್ಡಿಯಿತ್ತು. ಬ್ರೌನಿಯನ್ ಚಲನೆಯಲ್ಲಿ, ಎಂದರೆ ಪ್ರತಿ ಕ್ಷಣವೂ ಯಾದೃಚ್ಛಿಕವಾಗಿ ಅತ್ತಿತ್ತ ಸರಿಯುವ ಚಲನೆಯಲ್ಲಿ, ಕ್ಷಣಕ್ಷಣದ ಬದಲಾವಣೆಯ ವರ್ಗವನ್ನು ಕಾಲಕ್ಕೆ ಸಮವೆಂದು ಬರೆಯುವ ಇಟೋ ಅವರ ನಿಯಮ ನನಗೆ ಮಂತ್ರದಂತೆ ಕೇಳಿಸುತ್ತಿತ್ತು. ಕೊನೆಗೆ ಪೈಥಾನಿನಲ್ಲಿ ಒಂದು ವರ್ಷವನ್ನು 100 ತುಂಡು ಮಾಡಿ, ಪ್ರತಿ ತುಂಡಿಗೂ ಯಾದೃಚ್ಛಿಕ ಹೆಜ್ಜೆಯೊಂದನ್ನು ಹಾಕಿ ಕೂಡಿಸಿದೆ. ಹೆಜ್ಜೆಗಳ ಉದ್ದದ ಮೊತ್ತ ಸುಮಾರು 8 ಬಂತು, ವರ್ಗಗಳ ಮೊತ್ತ 1ರ ಹತ್ತಿರ ಬಂತು. ಅದೇ ವರ್ಷವನ್ನು 10,000 ತುಂಡು ಮಾಡಿದಾಗ ಉದ್ದದ ಮೊತ್ತ 80ಕ್ಕೆ ಜಿಗಿಯಿತು, ವರ್ಗಗಳ ಮೊತ್ತ ಮಾತ್ರ 1ನ್ನು ಬಿಟ್ಟು ಕದಲಲಿಲ್ಲ, ಮೊದಲಿಗಿಂತ ಇನ್ನೂ ಬಿಗಿಯಾಗಿ ಅಲ್ಲೇ ಕೂತಿತ್ತು. ಸಾಧಾರಣ ಕಲನಶಾಸ್ತ್ರದಲ್ಲಿ ನಾವು ಬಿಸಾಡುವ ಎರಡನೆಯ ಪದವನ್ನು ಇಲ್ಲಿ ಏಕೆ ಉಳಿಸಿಕೊಳ್ಳಬೇಕು ಎಂಬುದಕ್ಕೆ ಆ ಎರಡು ಸಾಲಿನ ಉತ್ತರವೇ ನನಗೆ ಸಾಕಾಯಿತು. ಇದರ ಕಟ್ಟುನಿಟ್ಟಾದ ಗಣಿತದ ಪುರಾವೆಯನ್ನು ಪದವಿಯಲ್ಲಿ ಕಲಿಯಲು ಆಗಲಿಲ್ಲ, ಅದಕ್ಕೆ ಬೇಕಾದ, ಸಂಭವನೀಯತೆಗೆ ತಳಹದಿಯಾದ ಮೆಷರ್ ಥಿಯರಿ ಎಂಬ ಗಣಿತ ನಮ್ಮ ಪಠ್ಯಕ್ರಮದಲ್ಲೇ ಇರಲಿಲ್ಲ.

ನಾನು ಅತಿ ಹೆಚ್ಚು ಕಲಿತದ್ದು ಐದನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ, ಅದೂ ಎರಡು ತಪ್ಪುಗಳಿಂದ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಪ್ರತಿದಿನ ಉಚಿತವಾಗಿ ಪ್ರಕಟಿಸುವ ಭಾವ್‌ಕಾಪಿ ಎಂಬ ಬೆಲೆಪಟ್ಟಿಗಳನ್ನು ಜೋಡಿಸಿ, ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರ ಷೇರುಗಳಲ್ಲಿ ಹಿಂದಿನ ಆರು ತಿಂಗಳಲ್ಲಿ ಹೆಚ್ಚು ಏರಿದ ಹತ್ತನ್ನು ಕೊಳ್ಳುವ ನಿಯಮವನ್ನು 2008ರಿಂದ ಪರೀಕ್ಷಿಸಲು ಹೊರಟಿದ್ದೆ. ನಮ್ಮ ಊರಿನ ಇನ್ಫೋಸಿಸ್ ಷೇರು 2018ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಅರ್ಧಕ್ಕೆ ಕುಸಿದಂತೆ ನನ್ನ ಪ್ರೋಗ್ರಾಂ ತೋರಿಸಿತು. ಕಂಪನಿಗೆ ಏನೂ ಆಗಿರಲಿಲ್ಲ. ಒಂದಕ್ಕೊಂದು ಬೋನಸ್ ಷೇರು ಕೊಟ್ಟಿದ್ದರಿಂದ ಒಂದು ಷೇರಿನ ಬೆಲೆ ಅರ್ಧವಾಗಿತ್ತು, ಭಾವ್‌ಕಾಪಿಯಲ್ಲಿ ಅಂದಿನ ನಿಜವಾದ ಬೆಲೆ ಇತ್ತು, ಹಿಂದಿನ ಬೆಲೆಗಳನ್ನು ಸರಿಹೊಂದಿಸಬೇಕಾದದ್ದು ನನ್ನ ಕೆಲಸವಾಗಿತ್ತು. ಇಂಥ ಒಂದು ದಿನ ಎಷ್ಟು ಕೆಡಿಸುತ್ತದೆಂದು ನೋಡಲು ಲೆಕ್ಕ ಹಾಕಿದೆ: ದಿನಕ್ಕೆ ಒಂದೂವರೆ ಶೇಕಡ ಏರಿಳಿತವಿರುವ ಷೇರಿನ ವಾರ್ಷಿಕ ಏರಿಳಿತ ಸುಮಾರು 24 ಶೇಕಡ, 250 ದಿನಗಳ ನಡುವೆ ಇಂಥ ಒಂದೇ ಒಂದು ಸುಳ್ಳು ಕುಸಿತ ಸೇರಿದರೆ ಅದು 70 ಶೇಕಡ ದಾಟುತ್ತದೆ. ಆ ಅಂಕಿಯನ್ನು ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಹಾಕಿದರೆ ಆಪ್ಷನ್ನಿನ ಬೆಲೆಯೂ ಅಷ್ಟೇ ಅಸಂಬದ್ಧವಾಗುತ್ತದೆ, ಸೂತ್ರ ಮಾತ್ರ ಚಕಾರ ಎತ್ತುವುದಿಲ್ಲ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಬೋನಸ್ಸನ್ನು ಸರಿಪಡಿಸಿದ ಮೇಲೆ ನನ್ನ ನಿಯಮ ಸೊಗಸಾದ ಲಾಭ ತೋರಿಸಿತು, ನಾನು ಗೆಳೆಯರಿಗೆಲ್ಲ ಕಾಫಿ ಕೊಡಿಸಿಯೂ ಬಂದೆ. ಆಮೇಲೆ ಹೊಳೆಯಿತು, ನಾನು ತೆಗೆದುಕೊಂಡಿದ್ದ ಪಟ್ಟಿ 2019ರದ್ದು. 2009ರ ಜನವರಿಯಲ್ಲಿ ಲೆಕ್ಕಪತ್ರದ ವಂಚನೆ ಬಯಲಾಗಿ, ಒಂದೇ ದಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಲೆ ಕಳೆದುಕೊಂಡು, ಸೂಚ್ಯಂಕದಿಂದ ಹೊರಬಿದ್ದ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಬದುಕುಳಿದವರನ್ನಷ್ಟೇ ಕೇಳಿ ಯುದ್ಧದ ವರದಿ ಬರೆದ ಹಾಗಾಗಿತ್ತು ನನ್ನ ಕೆಲಸ. ಆಯಾ ಕಾಲದ ಪಟ್ಟಿಯನ್ನು ಹಳೆಯ ಪ್ರಕಟಣೆಗಳಿಂದ ಹೆಕ್ಕಿ, ವ್ಯಾಪಾರದ ವೆಚ್ಚವನ್ನೂ ಕಳೆದಾಗ ಲಾಭದ ಬಹುಪಾಲು ಕರಗಿತು. ವರದಿಯಲ್ಲಿ ಮೂರೂ ಕೋಷ್ಟಕಗಳನ್ನು, ತಪ್ಪಿದ್ದ ಎರಡನ್ನೂ ಸೇರಿಸಿ, ಹಾಗೆಯೇ ಇಟ್ಟೆ.

ಕೊನೆಯ ಸೆಮಿಸ್ಟರಿನಲ್ಲಿ ಕೊರೊನಾ ಬಂತು. ಕಾಲೇಜು ಮುಚ್ಚಿ ಮನೆಯಲ್ಲಿದ್ದಾಗ, 2020ರ ಮಾರ್ಚ್ 23ರಂದು ನಿಫ್ಟಿ ಬೆಳಗಿನ ವೇಳೆಗೇ 10 ಶೇಕಡ ಬಿದ್ದು, ವ್ಯವಹಾರ 45 ನಿಮಿಷ ನಿಂತು, ಸಂಜೆಗೆ ಸುಮಾರು 13 ಶೇಕಡ ನಷ್ಟದಲ್ಲಿ ಮುಗಿಯಿತು. ಹಿಂದಿನ ವರ್ಷಗಳ ದತ್ತಾಂಶದಿಂದ ನಾನು ಪಡೆದಿದ್ದ ದಿನದ ಮಾನಕ ವಿಚಲನೆ ಸುಮಾರು 1 ಶೇಕಡ. ಬೆಲೆಗಳ ಬದಲಾವಣೆ ನಾರ್ಮಲ್ ವಿತರಣೆಯನ್ನೇ ಅನುಸರಿಸುವುದಾದರೆ, ವಿಶ್ವದ ವಯಸ್ಸಿನಷ್ಟು ಕಾಲ ಕಾದರೂ ಅಂಥ ದಿನ ಒಂದು ಸಲವೂ ಬರಬಾರದು. ಅಂದಿನ ನಂತರ ನಾನು ಓದಲು ಆರಂಭಿಸಿದ್ದು ಏರಿಳಿತವೇ ಬದಲಾಗುತ್ತದೆ ಎಂದು ಒಪ್ಪಿಕೊಳ್ಳುವ ಮಾದರಿಗಳನ್ನು, ಎಂದರೆ ಎಂಗಲ್ ಅವರು 1982ರಲ್ಲಿ ಆರಂಭಿಸಿದ ಆರ್ಚ್ ಮತ್ತು ಅದರಿಂದ ಬೆಳೆದ ಗಾರ್ಚ್ ಅನ್ನು. ಹೊಸ ದಿನಗಳಿಗೆ ಹೆಚ್ಚು ತೂಕ ಕೊಡುವ ಸರಳ ಲೆಕ್ಕದಲ್ಲಿ ಕೂಡ ಮಾರ್ಚ್ 23ರ ಮುನ್ನವೇ ನನ್ನ ಅಂದಾಜು ಎರಡು ಪಟ್ಟಿಗಿಂತ ಮೇಲೇರಿತ್ತು. ಅದೂ ಸಾಲಲಿಲ್ಲ, ಆದರೆ ಕುರುಡುತನ ಎಷ್ಟೋ ಕಡಿಮೆಯಾಗಿತ್ತು.

ಹೊರ ವರ್ತುಲ ರಸ್ತೆಯ ಕಚೇರಿಯೊಂದರವರು ಆ ವರ್ಷವೇ ಆನ್‌ಲೈನಿನಲ್ಲಿ ಸಂದರ್ಶನ ಮಾಡಿದರು. ನಾಣ್ಯ ಚಿಮ್ಮುತ್ತ ಹೋದರೆ ಸತತ ಎರಡು ತಲೆ ಬೀಳಲು ಸರಾಸರಿ ಎಷ್ಟು ಸಲ ಬೇಕು ಎಂದು ಕೇಳಿದರು, 6 ಎಂದೆ. ತಲೆಯ ಹಿಂದೆಯೇ ಬಾಲ ಬೀಳಲು ಎಂದರು, 4 ಎಂದೆ. ಎರಡೂ ಏಕೆ ಸಮವಲ್ಲ ಎಂದು ವಿವರಿಸಿದ ಮೇಲೆ ಮಿಕ್ಕ ಮುಕ್ಕಾಲು ಗಂಟೆ ಅವರು ಕೆದಕಿದ್ದು ನನ್ನ ಪ್ರಾಜೆಕ್ಟಿನ ಆ ಎರಡು ತಪ್ಪು ಕೋಷ್ಟಕಗಳನ್ನು. ಕೊಟ್ಟ ಕೆಲಸವೂ ಅದಕ್ಕೆ ತಕ್ಕಂತೆ ಮಾಡೆಲ್ ವ್ಯಾಲಿಡೇಷನ್, ಎಂದರೆ ಬೇರೆಯವರು ಕಟ್ಟಿದ ಮಾದರಿ ಯಾವ ಊಹೆಯ ಮೇಲೆ ನಿಂತಿದೆ, ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು. ಬಾಕಿ ಉಳಿದಿದ್ದ ಮೆಷರ್ ಥಿಯರಿಯನ್ನು ಈಗ ಭಾನುವಾರ ಬೆಳಿಗ್ಗೆ ಓದುತ್ತಿದ್ದೇನೆ, ಮೂರನೆಯ ಅಧ್ಯಾಯದಲ್ಲಿದ್ದೇನೆ.