ಅಟ್ಟದ ಪಿಟೀಲಿನಲ್ಲಿ ಸ್ಟ್ರಾಡಿವೇರಿ ಚೀಟಿ ಕಂಡರೆ

ಮಂಗಳೂರು, ಉಡುಪಿಯ ಹಳೇ ಮನೆಗಳ ಅಟ್ಟದಿಂದ ಇಳಿಸಿದ ಪಿಟೀಲಿನ ಎಡಗಡೆಯ ಎಫ್ ರಂಧ್ರಕ್ಕೆ ಟಾರ್ಚ್ ಹಾಕಿದರೆ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್’ ಎಂಬ ಚೀಟಿ ಕಾಣುವುದುಂಟು. ಕೋಟಿಯ ಲೆಕ್ಕ ಹಾಕಲು ಹೊರಡಬೇಡಿ. ಇಟಲಿಯ ಕ್ರೆಮೊನಾದ ಹೆಸರಾಂತ ಪಿಟೀಲು ತಯಾರಕ ಆಂಟೋನಿಯೊ ಸ್ಟ್ರಾಡಿವೇರಿ ತೀರಿಕೊಂಡದ್ದು 1737ರಲ್ಲಿ. ಅವನ ವಾದ್ಯಗಳಲ್ಲಿ ಇಂದು ಉಳಿದಿರುವುದು ಸುಮಾರು 650. ಅದೇ ಚೀಟಿಯನ್ನು 19ನೇ ಶತಮಾನದ ಕೊನೆಯಿಂದ ಜರ್ಮನಿ, ಬೊಹೀಮಿಯಾ, ಫ್ರಾನ್ಸಿನ ಕಾರ್ಖಾನೆಗಳು ಅಗ್ಗದ ಪಿಟೀಲುಗಳಿಗೆ ರಾಶಿರಾಶಿಯಾಗಿ ಅಂಟಿಸಿದವು. ಅವರ ಮಟ್ಟಿಗೆ ಅದು ‘ಈ ಮಾದರಿಯದು’ ಎಂಬ ಸೂಚನೆ, ಅಷ್ಟೆ.

ಚೀಟಿ ಬಿಟ್ಟು ಮರ ನೋಡಿ. ಅಂಚಿನ ಸುತ್ತ ಕಪ್ಪು-ಬಿಳಿ-ಕಪ್ಪು ಮೂರು ಪಟ್ಟಿಗಳನ್ನು ಕೊರೆದು ಕೂರಿಸಿರಬೇಕು. ಅಂಚು ಸವೆದಲ್ಲಿ ಆ ಗೆರೆಯೂ ಅಳಿಸಿದ್ದರೆ ಅದು ಬರೀ ಶಾಯಿ. ಪುಟ್ಟ ಕನ್ನಡಿಯನ್ನು ಒಳಗೆ ಬಿಟ್ಟು ಮೂಲೆಗಳನ್ನು ನೋಡಿ; ನಾಲ್ಕೂ ಕಡೆ ಮರದ ತುಂಡು ಇರಬೇಕು, ಅಗ್ಗದವುಗಳಲ್ಲಿ ಹೆಚ್ಚಾಗಿ ಅದು ಖಾಲಿ. ಮೇಲ್ಹಲಗೆಯ ಅಡಿಯ ಉದ್ದನೆಯ ಮರದ ಪಟ್ಟಿ, ಅಂದರೆ ಬಾಸ್ ಬಾರ್, ಬೇರೆ ತುಂಡಾಗಿರದೆ ಹಲಗೆಯಲ್ಲೇ ಕೆತ್ತಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಈ ಪರೀಕ್ಷೆಗಳು ನಕಲಿಯನ್ನು ಹಿಡಿದುಕೊಡುತ್ತವೆ, ಅಸಲಿ ಎಂಬುದನ್ನಲ್ಲ.

ನಕಲಿಯಾದರೂ ರಿಪೇರಿಗೆ ಯೋಗ್ಯವೇ. ಬಳಸಿದ ಸಾಮಗ್ರಿ ಕ್ರೆಮೊನಾದ ಬಗೆಯದ್ದೇ: ಸ್ಪ್ರೂಸ್ ಮೇಲ್ಹಲಗೆ, ಮೇಪಲ್ ಹಿಂಬದಿ, ಜೋಡಣೆಗೆಲ್ಲ ಸರೇಸು, ಅಂದರೆ ಪ್ರಾಣಿಯ ಚರ್ಮದಿಂದ ತೆಗೆದ ಅಂಟು. ನಮ್ಮ ಕರಾವಳಿಯಲ್ಲಿ ತಿಳಿದಿರಬೇಕಾದದ್ದು ಈ ಸರೇಸಿನ ವಿಷಯ. ಮರ ತೇವಕ್ಕೆ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಇಲ್ಲ. ಆಟಿಯ ಮಳೆಯಲ್ಲಿ ಉಬ್ಬಿದ ಹಲಗೆ ಜನವರಿಯಲ್ಲೋ ಎಸಿ ಕೋಣೆಯಲ್ಲೋ ಕುಗ್ಗುವಾಗ ಎಲ್ಲಾದರೂ ಬಿಟ್ಟುಕೊಡಲೇಬೇಕು. ಸರೇಸಿನ ಅಂಚು ಬಿಟ್ಟುಕೊಟ್ಟರೆ ಮತ್ತೆ ಅಂಟಿಸಬಹುದು. ಫೆವಿಕಾಲ್ ಹಾಕಿದ್ದರೆ ಅಂಚು ಜಗ್ಗದು, ಹಲಗೆಯೇ ಸೀಳುತ್ತದೆ.

ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಹೋಗಿ ‘ಚರ್’ ಎಂದು ಸಡಿಲ ಸದ್ದು ಬಂದಲ್ಲಿ ಬಾಯಿ ಬಿಟ್ಟಿದೆ. ತಂತಿ ಸಡಿಲಿಸಿ, ಆದರೆ ಪೂರ್ತಿ ಬಿಚ್ಚಬೇಡಿ. ಒತ್ತಡ ಹೋದರೆ ಒಳಗೆ ಎರಡು ಹಲಗೆಗಳ ನಡುವೆ ನಿಂತ ಮರದ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್, ಬಿದ್ದೀತು. ಒಂದು ಭಾಗ ಸರೇಸು ಹರಳಿಗೆ ಮೂರು ಭಾಗ ನೀರು, ತೂಕದಲ್ಲಿ. ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಕುದಿಸಿದರೆ ಹಿಡಿತ ಹೋಗುತ್ತದೆ. ಬೆಚ್ಚಗಿನ ನೀರಿನ ಬ್ರಶ್‌ನಿಂದ ಹಳೆಯ ಸರೇಸು ತೊಳೆದು, ಒಣಗಿದ ಮೇಲೆ ತೆಳ್ಳನೆ ಚಾಕುವಿನ ಬೆನ್ನಿನಿಂದ ಹೊಸತನ್ನು ಒಳಗೆ ಸರಿಸಿ. ಸರೇಸು ನಿಮಿಷದೊಳಗೆ ಗಟ್ಟಿಯಾಗುವುದರಿಂದ ಬೆಂಡು ಹಚ್ಚಿದ ಕ್ಲ್ಯಾಂಪ್‌ಗಳು ಕೈಗೆಟುಕುವಲ್ಲೇ ಇರಲಿ. ಅಂಚಿನಿಂದ ಸಣ್ಣ ಮಣಿಗಳಂತೆ ಹೊರಬಂದರೆ ಸಾಕಷ್ಟು ಹೋಗಿದೆ ಎಂದರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬೇಸಿಗೆಯಲ್ಲಿ 24 ಗಂಟೆ, ಮಳೆಗಾಲದಲ್ಲಿ ಎರಡು ದಿನ ಹಾಗೇ ಬಿಡಿ. ಕುದುರೆಯ (ತಂತಿಗಳನ್ನು ಹೊತ್ತು ನಿಂತ ಮರದ ತುಂಡಿನ) ಕೆಳಗಿನ ಸೀಳು, ಕತ್ತಿನ ಬುಡ, ಸೌಂಡ್‌ಪೋಸ್ಟ್ ಮೂರಕ್ಕೂ ಕೈ ಹಾಕಬೇಡಿ, ಅದು ಕಸುಬುದಾರರ ಕೆಲಸ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿ 100 ಗ್ರಾಂ ಬಣ್ಣ ಬದಲಾಗುವ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿರಲಿ, ಜೊತೆಗೊಂದು ತೇವಮಾಪಕ. ಬಣ್ಣ ತಿರುಗಿದಾಗ ಹರಳುಗಳನ್ನು ಓವನ್ನಿನಲ್ಲಿ ಒಣಗಿಸಿ. ತೇವ ಶೇಕಡಾ 45ರಿಂದ 60 ಇದ್ದರೆ ಒಳ್ಳೆಯದು. ನಮ್ಮಲ್ಲಿ 65ರೊಳಗೆ ನಿಂತರೂ ಸಮಾಧಾನ, 70 ದಾಟಿದರೆ ಬೂಸ್ಟು. ಅಕ್ಕಿ ಗಂಟು ಇಟ್ಟರೆ ನುಸಿ ಬರುತ್ತದೆ, ಬೇರೇನೂ ಇಲ್ಲ. ಬಿರಡೆ ಬಿಗಿದುಕೊಂಡರೆ ತಿರುಚಬೇಡಿ, ಪೆಟ್ಟಿಗೆ ಒಣಗಲಿ. ಶ್ರುತಿ ಮಾಡಿದಾಗೆಲ್ಲ ಕುದುರೆ ಮುಂದಕ್ಕೆ ವಾಲಿದೆಯೇ ನೋಡಿ. ತಂತಿ ಕಟ್ಟಿದ ಬಾಲದ ಕಡೆಗಿನ ಅದರ ಮುಖ ಹಲಗೆಗೆ ನೇರ 90 ಡಿಗ್ರಿ ಇರಬೇಕು. ಕಮಾನಿನ ಕೂದಲನ್ನು ನುಡಿಸಿ ಮುಗಿದಾಗೆಲ್ಲ ಸಡಿಲಿಸಿ.

ಅಟ್ಟದಿಂದ ಬಂದದ್ದಕ್ಕೆ ಕುಟ್ಟೆಯ ಪರೀಕ್ಷೆಯೂ ಬೇಕು. ಸಣ್ಣ ತೂತುಗಳಿದ್ದರೆ ವಾರವಿಡೀ ಕಪ್ಪು ಕಾಗದದ ಮೇಲಿಡಿ. ಹೊಸ ಹುಡಿ ಬಿದ್ದರೆ ಹುಳು ಜೀವಂತ, ಬೇರೆ ವಾದ್ಯಗಳಿಂದ ದೂರವಿಡಿ. ಸೀಮೆಎಣ್ಣೆ ಮಾತ್ರ ಹಾಕಬೇಡಿ. ಎಣ್ಣೆ ಹೀರಿದ ಮರಕ್ಕೆ ಮುಂದೆ ಸರೇಸು ಹಿಡಿಯುವುದಿಲ್ಲ.